ಕಾಕಾನ ಎರಡು ಲಾಟ್ ಎಲ್ಲಿ ಹೋದವು? ಕರ್ಸರ್ ಪೇಜಿನೇಷನ್ ಸರಿಯಾಗಿ ಮಾಡುವ ಬಗೆ

ಜನವರಿ ಬಂತೆಂದರೆ ಕಲಬುರಗಿಯ ನೆಹರು ಗಂಜ್‌ನಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ತೊಗರಿ ಹೇರಿಕೊಂಡು ಬಂದ ಟ್ರ್ಯಾಕ್ಟರ್‌ಗಳು ಬೆಳಗ್ಗೆಯೇ ಸಾಲುಗಟ್ಟಿರುತ್ತವೆ. ಅಲ್ಲಿನ ಒಂದು ಅಡತ್ ಅಂಗಡಿಗೆ ನನ್ನ ಪರಿಚಯದ ಹುಡುಗರು ಆ್ಯಪ್ ಮಾಡಿಕೊಟ್ಟಿದ್ದರು. ಯಾವ ಲಾಟ್ ಯಾರದು, ತೂಕ ಎಷ್ಟು, ಯಾವ ದರಕ್ಕೆ ಹೋಯಿತು ಎಂದು ರೈತರೇ ಮೊಬೈಲ್‌ನಲ್ಲಿ ನೋಡಬಹುದು. ಒಂದು ದಿನ ನಾನು ಅಲ್ಲೇ ಕೂತಿದ್ದಾಗ ಆಳಂದ ಕಡೆಯ ಹಿರಿಯ ರೈತರೊಬ್ಬರು ಮೊಬೈಲ್ ಹಿಡಿದುಕೊಂಡು ಬಂದರು.

"ತಮ್ಮಾ, ನಾ ನಾಕು ಲಾಟ್ ತಂದೀನಿ. ಇದರಾಗ ಎರಡೇ ಅದಾವ. ಉಳಿದ ಎರಡು ಎಲ್ಲಿ ಹೋದ್ವು?"

"ಕೆಳಗ ಸರಸ್ರಿ ಕಾಕಾ, ಬರ್ತಾವ" ಎಂದ ಹುಡುಗ.

ಕಾಕಾ ಸರಿಸಿದರು. ಬಂದದ್ದು ಬೇರೆಯವರ ಲಾಟ್. ತೂಕದ ಚೀಟಿ ನಾಲ್ಕೂ ಅವರ ಕೈಯಲ್ಲೇ ಇದ್ದವು. ಡೇಟಾಬೇಸ್ ತೆಗೆದು ನೋಡಿದರೆ ಅಲ್ಲೂ ನಾಲ್ಕೂ ಲಾಟ್ ಇದ್ದವು. ಪಟ್ಟಿಯಲ್ಲಿ ಮಾತ್ರ ಎರಡು ಮಾಯ. ಎರರ್ ಇಲ್ಲ, ಲಾಗ್‌ನಲ್ಲಿ ಏನೂ ಇಲ್ಲ. ಇದೇ ತಪ್ಪನ್ನು ನಮ್ಮೂರಿನ ಎಂಜಿನಿಯರಿಂಗ್ ವಿದ್ಯಾರ್ಥಿಗಳ ಪ್ರಾಜೆಕ್ಟ್‌ಗಳಲ್ಲೂ ಮತ್ತೆ ಮತ್ತೆ ನೋಡಿದ್ದೇನೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಕರ್ಸರ್ ಯಾಕೆ ಬೇಕು?

ಉದ್ದದ ಪಟ್ಟಿಯನ್ನು ಪುಟಪುಟವಾಗಿ ಕೊಡುವುದೇ ಪೇಜಿನೇಷನ್. ಅದಕ್ಕೆ ಹೆಚ್ಚಿನವರು ಮೊದಲು ಕಲಿಯುವುದು ಆಫ್‌ಸೆಟ್. "ಮೊದಲ 1,00,000 ಸಾಲು ಬಿಡು, ಮುಂದಿನ 20 ಕೊಡು" ಎಂದು ಕೇಳುವುದು. ಡೇಟಾಬೇಸ್ ಆ ಒಂದು ಲಕ್ಷ ಸಾಲುಗಳನ್ನು ಸುಮ್ನೆ ಹಾರಿಬಿಡುವುದಿಲ್ಲ. ಒಂದೊಂದಾಗಿ ದಾಟಿ, ಎಣಿಸಿ, ಎಸೆದು, ಆಮೇಲೆ 20 ಕೊಡುತ್ತದೆ. ಆಳಕ್ಕೆ ಹೋದಷ್ಟೂ ನಿಧಾನ. ಇನ್ನೊಂದು ತೊಂದರೆಯೂ ಇದೆ. ನೀವು ಮೊದಲ ಪುಟ ಓದುತ್ತಿರುವಾಗ ಮೇಲೆ ಐದು ಹೊಸ ಲಾಟ್ ಸೇರಿದರೆ ಎಲ್ಲವೂ ಐದು ಸಾಲು ಕೆಳಗೆ ಜರುಗುತ್ತದೆ. ಎರಡನೇ ಪುಟದಲ್ಲಿ ನೋಡಿದ್ದೇ ಐದು ಮತ್ತೆ ಬರುತ್ತವೆ. ಯಾರಾದರೂ ಅಳಿಸಿದರೆ ಅಷ್ಟು ಸಾಲು ಕಣ್ಣಿಗೆ ಬೀಳದೇ ಹೋಗುತ್ತವೆ.

ಗುಮಾಸ್ತರು ಕಿರ್ದಿ ಓದುವುದನ್ನು ನೋಡಿ. ನಡುವೆ ಯಾರೋ ಕರೆದರೆ ಓದಿದ ಕೊನೆಯ ಸಾಲಿನ ಮೇಲೆ ಬೆರಳಿಟ್ಟುಕೊಳ್ಳುತ್ತಾರೆ. ವಾಪಸ್ ಬಂದು ಮೊದಲ ಸಾಲಿನಿಂದ ಎಣಿಸುವುದಿಲ್ಲ, ಬೆರಳಿನಿಂದ ಮುಂದೆ ಓದುತ್ತಾರೆ. ಕರ್ಸರ್ ಅಂದರೆ ಆ ಬೆರಳು. (ಡೇಟಾಬೇಸ್‌ನೊಳಗೇ ತೆರೆದಿಡುವ ಇನ್ನೊಂದು ಕರ್ಸರ್ ಇದೆ, ಅದು ಬೇರೆ. ಇಲ್ಲಿ ಸರ್ವರ್ ಏನನ್ನೂ ನೆನಪಿಟ್ಟುಕೊಳ್ಳುವುದಿಲ್ಲ.) ಚಿಂಚೋಳಿಯ ಹಳ್ಳಿಗಳ ಕಡೆ ನೆಟ್‌ವರ್ಕ್ ಕೈಕೊಟ್ಟರೂ ಚಿಂತೆಯಿಲ್ಲ. ಅದೇ ಕರ್ಸರ್ ಮತ್ತೆ ಕಳಿಸಿದರೆ ಅದೇ ಜಾಗದಿಂದ ಪಟ್ಟಿ ಮುಂದುವರಿಯುತ್ತದೆ.

ಹೆಜ್ಜೆ 1: ಕ್ರಮ ಗೊತ್ತು ಮಾಡಿ

ಬದಲಾಗದ ಕಾಲಂ ಆರಿಸಿ. ಲಾಟ್ ದಾಖಲಾದ ಸಮಯ ಸರಿ. ಕೊನೆಯ ಸಲ ತಿದ್ದಿದ ಸಮಯ ಬೇಡ, ಯಾಕೆಂದರೆ ದರ ತಿದ್ದಿದ ಕೂಡಲೇ ಆ ಸಾಲು ನಿಮ್ಮ ಬೆರಳಿನ ಕೆಳಗಿಂದ ಮೇಲಕ್ಕೆ ಜಿಗಿಯುತ್ತದೆ. ಖಾಲಿ, ಅಂದರೆ ನಲ್ ಇರಬಹುದಾದ ಕಾಲಂ ಕೂಡ ಬೇಡ. ನಲ್ ಜೊತೆ ಯಾವ ಹೋಲಿಕೆಯೂ ನಿಜವಾಗುವುದಿಲ್ಲ, ಹಾಗಾಗಿ ಆ ಸಾಲುಗಳು ಮುಂದಿನ ಪುಟಗಳಿಂದ ಬಿದ್ದುಹೋಗುತ್ತವೆ.

ಹೆಜ್ಜೆ 2: ಸಮಯದ ಜೊತೆ ಐಡಿ ಸೇರಿಸಿ

ಎಲ್ಲರೂ ಎಡವುವುದು ಇಲ್ಲೇ. ನಿಧಾನವಾಗಿ ನೋಡೋಣ.

ಕಾಕಾನ ನಾಲ್ಕು ಲಾಟ್ ಒಂದೇ ಟ್ರ್ಯಾಕ್ಟರ್‌ನಲ್ಲಿ ಬಂದವು. ಹುಡುಗರು ನಾಲ್ಕನ್ನೂ ಒಂದೇ ಟ್ರಾನ್ಸಾಕ್ಷನ್‌ನಲ್ಲಿ ಸೇವ್ ಮಾಡಿದ್ದರು, ಅಂದರೆ ಉಳಿದರೆ ನಾಲ್ಕೂ ಉಳಿಯುವಂತೆ, ಇಲ್ಲವೇ ಒಂದೂ ಉಳಿಯದಂತೆ. ಅದು ಸರಿಯಾದ ಪದ್ಧತಿಯೇ. ಆದರೆ ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲಿ 'ನೌ' ಎಂದು ಕೇಳಿದರೆ ಟ್ರಾನ್ಸಾಕ್ಷನ್ ಶುರುವಾದ ಸಮಯ ಸಿಗುತ್ತದೆ. ಒಳಗೆ ಎಷ್ಟು ಸಾಲು ಸೇರಿಸಿದರೂ ಎಲ್ಲಕ್ಕೂ ಅದೇ ಸಮಯ. ಮೈಎಸ್‌ಕ್ಯೂಎಲ್‌ನಲ್ಲಿ ಡೇಟ್‌ಟೈಮ್ ಕಾಲಂ ಸುಮ್ನೆ ಮಾಡಿದರೆ ಸೆಕೆಂಡಿನವರೆಗೆ ಮಾತ್ರ ಉಳಿಯುತ್ತದೆ, ಒಂದೇ ಸೆಕೆಂಡಿಗೆ ಬಂದವೆಲ್ಲ ಸಮ. ಹಾಗಾಗಿ "ಒಂದೇ ಸಮಯಕ್ಕೆ ಎರಡು ಸಾಲು ಎಲ್ಲಿ ಬರ್ತಾವೆ ಬಿಡಿ" ಎಂದುಕೊಳ್ಳಬೇಡಿ. ದಿನಾ ಬರುತ್ತವೆ.

ಹೊಸದು ಮೇಲೆ ಇರುವ ಪಟ್ಟಿ ಹೀಗಿದೆ ಅನ್ನಿ (ಮೊದಲ ಸಂಖ್ಯೆ ಲಾಟ್‌ನ ಐಡಿ):

5021, ಸಮಯ 10:43:15
5020, ಸಮಯ 10:42:07
5019, ಸಮಯ 10:42:07
5018, ಸಮಯ 10:42:07
5017, ಸಮಯ 10:42:07
5016, ಸಮಯ 10:41:50

ನಡುವಿನ ನಾಲ್ಕು ಕಾಕಾನವು. ಲೆಕ್ಕ ಸುಲಭವಾಗಲಿ, ಪುಟಕ್ಕೆ ಮೂರು ಸಾಲು. ಮೊದಲ ಪುಟದಲ್ಲಿ 5021, 5020, 5019 ಬಂದವು. ಕೊನೆಯ ಸಾಲಿನ ಸಮಯ 10:42:07. ಹುಡುಗರು ಅದನ್ನಷ್ಟೇ ಕರ್ಸರ್ ಮಾಡಿ "10:42:07ಕ್ಕಿಂತ ಹಿಂದಿನವು ಕೊಡು" ಎಂದು ಕೇಳಿದ್ದರು. ಬಂದದ್ದು 5016. ಕಾಕಾನ 5018, 5017 ಎರಡೂ ಸಂದಿಯಲ್ಲಿ ಬಿದ್ದುಹೋದವು.

ಇದು ಗೊತ್ತಾದ ಕೂಡಲೇ ಹುಡುಗರು 'ಕಡಿಮೆ' ಇದ್ದಲ್ಲಿ 'ಕಡಿಮೆ ಅಥವಾ ಸಮ' ಎಂದು ತಿದ್ದಿದರು. ಈ ಅಡ್ಡದಾರಿ ದಯವಿಟ್ಟು ಹಿಡಿಯಬೇಡಿ. ಆಗ ಎರಡನೇ ಪುಟದಲ್ಲಿ 5020, 5019, 5018 ಬರುತ್ತವೆ. ಕೊನೆಯ ಸಾಲಿನ ಸಮಯ ಮತ್ತೆ 10:42:07. ಮೂರನೇ ಪುಟದಲ್ಲೂ ಅವೇ ಮೂರು. ನಾಲ್ಕನೆಯದರಲ್ಲೂ ಅವೇ. ಪಟ್ಟಿ ಮುಂದಕ್ಕೇ ಹೋಗುವುದಿಲ್ಲ, ಕಾಕಾನ ಡೇಟಾ ಪ್ಯಾಕ್ ಮಾತ್ರ ಖರ್ಚಾಗುತ್ತದೆ.

ಸರಿಯಾದ ದಾರಿ ಇದು. ಬೆರಳು ಯಾವ ಸಾಲಿನ ಮೇಲಿದೆ ಎಂದು ಪೂರ್ತಿ ಹೇಳಬೇಕು. ಸಮಯ ಒಂದೇ ಸಾಲದು, ಎಲ್ಲೂ ಎರಡು ಸಲ ಬರದ ಐಡಿಯೂ ಜೊತೆಗಿರಬೇಕು. ಸಾರ್ಟ್ ಮಾಡುವಾಗಲೂ ಎರಡೂ, ಹೋಲಿಸುವಾಗಲೂ ಎರಡೂ. ಕ್ವೆರಿಯ ಅರ್ಥ ಕನ್ನಡದಲ್ಲಿ ಹೀಗೆ:

ಎಲ್ಲಿ (ಸಮಯ, ಐಡಿ) < (10:42:07, 5019)
ಕ್ರಮ: ಸಮಯ ಇಳಿಕೆ, ಐಡಿ ಇಳಿಕೆ
ಮಿತಿ: 3

ಮೊದಲು ಸಮಯ ನೋಡು, ಸಮಯ ಸಮವಾದರೆ ಐಡಿ ನೋಡು ಎಂದು ಇದರ ಅರ್ಥ. ಈಗ 5018, 5017, 5016 ಬರುತ್ತವೆ.

ಪೋಸ್ಟ್‌ಗ್ರೆಸ್ ಮತ್ತು ಎಸ್‌ಕ್ಯೂಲೈಟ್‌ನಲ್ಲಿ ಈ ಜೋಡಿ ಹೋಲಿಕೆ ಚೆನ್ನಾಗಿ ನಡೆಯುತ್ತದೆ. ಮೈಎಸ್‌ಕ್ಯೂಎಲ್ ಒಪ್ಪುತ್ತದೆ, ಆದರೆ ಇಂಡೆಕ್ಸ್ (ಸಾಲುಗಳನ್ನು ಬೇಗ ಹುಡುಕಲು ಡೇಟಾಬೇಸ್ ಇಟ್ಟುಕೊಳ್ಳುವ ಸೂಚಿ) ಸರಿಯಾಗಿ ಬಳಸದೇ ಹೋಗಬಹುದು. ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಇದು ಇಲ್ಲವೇ ಇಲ್ಲ. ಇವೆರಡರಲ್ಲಿ ಬಿಡಿಸಿ ಬರೆಯಿರಿ: ಸಮಯ <= 10:42:07, ಮತ್ತು (ಸಮಯ < 10:42:07 ಅಥವಾ ಐಡಿ < 5019). ಪಟ್ಟಿಯನ್ನು ತಾಲ್ಲೂಕಿನ ಪ್ರಕಾರ ಸೋಸುತ್ತಿದ್ದು ಆವರಣ ಮರೆತರೆ 'ಮತ್ತು', 'ಅಥವಾ' ಅದಲುಬದಲಾಗಿ ಬೇರೆ ತಾಲ್ಲೂಕಿನ ಲಾಟ್ ಎಲ್ಲ ಪಟ್ಟಿಗೆ ನುಗ್ಗುತ್ತವೆ. ಒಂದು ಕಾಲಂ ಏರಿಕೆ, ಇನ್ನೊಂದು ಇಳಿಕೆ ಇದ್ದರೂ ಜೋಡಿ ಹೋಲಿಕೆ ನಡೆಯುವುದಿಲ್ಲ. ನನ್ನ ಮಾತು ಕೇಳಿ, ಎರಡನ್ನೂ ಒಂದೇ ದಿಕ್ಕಿಗೆ ಇಡಿ.

ಐಡಿ ತಾನಾಗಿ ಏರುತ್ತಾ ಹೋಗುವ ಸಂಖ್ಯೆಯೇ? ಆ ಕ್ರಮದಲ್ಲೇ ತೋರಿಸಿದರೆ ಸಾಕೇ? ಹಾಗಾದರೆ ಸಮಯ ಬಿಟ್ಟುಬಿಡಿ, ಐಡಿ ಒಂದನ್ನೇ ಕರ್ಸರ್ ಮಾಡಿ. ನಾನು ಯಾವಾಗಲೂ ಮೊದಲು ನೋಡುವುದು ಇದು ಸಾಧ್ಯವೇ ಎಂದೇ. ಐಡಿಗೆ ಯೂಯೂಐಡಿ (ಎಲ್ಲೂ ಮತ್ತೆ ಬರದಂತೆ ಮಾಡುವ ಉದ್ದದ ಗುರುತು) ಬಳಸುವವರು ಒಂದು ನೆನಪಿಡಿ. 4ನೇ ಆವೃತ್ತಿ ಅಡ್ಡಾದಿಡ್ಡಿ, ಅದರಿಂದ ಹೊಸದು ಹಳೆಯದು ಗೊತ್ತಾಗುವುದಿಲ್ಲ. 2024ರಲ್ಲಿ ಮಾನಕವಾದ 7ನೇ ಆವೃತ್ತಿಯಲ್ಲಿ ಸಮಯವೇ ಮುಂದೆ ಇರುತ್ತದೆ, ಅದು ಕೆಲಸಕ್ಕೆ ಬರುತ್ತದೆ.

ಹೆಜ್ಜೆ 3: ಇಂಡೆಕ್ಸ್

ಸಮಯ, ಐಡಿ ಎರಡನ್ನೂ ಸೇರಿಸಿ ಒಂದೇ ಇಂಡೆಕ್ಸ್ ಮಾಡಿ. ತಾಲ್ಲೂಕಿನ ಪ್ರಕಾರ ಸೋಸುವುದಿದ್ದರೆ ತಾಲ್ಲೂಕು ಮೊದಲು, ಆಮೇಲೆ ಸಮಯ, ಆಮೇಲೆ ಐಡಿ. ಬಿಡಿಬಿಡಿಯಾಗಿ ಮೂರು ಇಂಡೆಕ್ಸ್ ಮಾಡಿದರೆ ಈ ಲಾಭ ಸಿಗುವುದಿಲ್ಲ.

ಹೆಜ್ಜೆ 4: ಒಂದು ಸಾಲು ಜಾಸ್ತಿ ಕೇಳಿ

20 ತೋರಿಸಬೇಕಾದರೆ 21 ಕೇಳಿ. 21ನೆಯದು ಬಂದರೆ ಮುಂದೆ ಪುಟ ಇದೆ, ಅದನ್ನು ತೋರಿಸದೆ 20ನೆಯದರಿಂದ ಕರ್ಸರ್ ಮಾಡಿ.

'ಒಟ್ಟು ಎಷ್ಟು' ಎಂದು ಪ್ರತಿ ಪುಟಕ್ಕೂ ಎಣಿಸಬೇಡಿ. ಪೋಸ್ಟ್‌ಗ್ರೆಸ್‌ನಲ್ಲಿ ದೊಡ್ಡ ಟೇಬಲ್ ಪೂರ್ತಿ ಎಣಿಸುವುದು ದುಬಾರಿ. ಆಫ್‌ಸೆಟ್ ಬಿಟ್ಟು ಉಳಿಸಿದ್ದೆಲ್ಲ ಅಲ್ಲೇ ಕಳೆದುಹೋಗುತ್ತದೆ.

ಹೆಜ್ಜೆ 5: ಕರ್ಸರ್ ಕಟ್ಟಿ ಕಳಿಸಿ

ಸಮಯ ಮತ್ತು ಐಡಿಯನ್ನು ಜೇಸನ್ (ಡೇಟಾವನ್ನು ಅಕ್ಷರಗಳಲ್ಲಿ ಬರೆಯುವ ಒಂದು ರೂಪ) ಮಾಡಿ, ಅದನ್ನು ಯೂಆರ್‌ಎಲ್‌ಗೆ ಹೊಂದುವ ಬೇಸ್64 (64 ಚಿಹ್ನೆಗಳಲ್ಲೇ ಬರೆಯುವ ರೂಪ) ಮಾಡಿ. ಮಾಮೂಲಿ ಬೇಸ್64ನಲ್ಲಿ ಬರುವ ಕೂಡು ಚಿಹ್ನೆ (+) ಯೂಆರ್‌ಎಲ್‌ನಲ್ಲಿ ಖಾಲಿ ಜಾಗವಾಗಿಬಿಡಬಹುದು. ಬೇಸ್64 ಬೀಗವಲ್ಲ, ಯಾರು ಬೇಕಾದರೂ ಬಿಚ್ಚಬಹುದು. ಆದ್ದರಿಂದ ವಾಪಸ್ ಬಂದಾಗ ಪರಿಶೀಲಿಸಿ. ಯಾವ ಫಿಲ್ಟರ್, ಯಾವ ಕ್ರಮ ಎಂಬುದನ್ನೂ ಒಳಗೆ ಸೇರಿಸಿ. ಬಳಕೆದಾರರು ಜೇವರ್ಗಿಯಿಂದ ಸೇಡಂಗೆ ಫಿಲ್ಟರ್ ಬದಲಿಸಿದರೆ ಹಳೆಯ ಕರ್ಸರ್ ಒಪ್ಪಬೇಡಿ, ಮೊದಲಿನಿಂದ ಶುರು ಮಾಡಿ.

ಕಾಕಾನ ಲಾಟ್ ಇಲ್ಲಿ ಎರಡನೇ ಸಲ ಕಳೆದುಹೋಗಬಹುದು. ಪೋಸ್ಟ್‌ಗ್ರೆಸ್ ಸಮಯವನ್ನು ಮೈಕ್ರೋಸೆಕೆಂಡ್‌ವರೆಗೆ ಇಡುತ್ತದೆ: 10:42:07.123456. ಜಾವಾಸ್ಕ್ರಿಪ್ಟ್‌ನ ಡೇಟ್‌ಗೆ ಗೊತ್ತಿರುವುದು ಮಿಲಿಸೆಕೆಂಡ್ ಮಾತ್ರ: 10:42:07.123. ಕರ್ಸರ್ ಅದರ ಮೂಲಕ ಹಾದು ಬಂದರೆ ಬಾಲ ಕತ್ತರಿಸಿಹೋಗುತ್ತದೆ. ಈಗ .123456 ಅನ್ನುವುದು .123ಕ್ಕಿಂತ ದೊಡ್ಡದು, ಹಾಗಾಗಿ 5018, 5017 'ಹಿಂದಿನವು' ಎಂದು ಲೆಕ್ಕಕ್ಕೇ ಬರುವುದಿಲ್ಲ. ಎರಡನೇ ಹೆಜ್ಜೆ ಸರಿಯಾಗಿ ಮಾಡಿದ್ದರೂ ಅವೇ ಎರಡು ಲಾಟ್ ಮಾಯ. ಟೇಬಲ್ ಮಾಡುವಾಗಲೇ ಸಮಯದ ಕಾಲಂಗೆ ಮೂರೇ ದಶಾಂಶ ಎಂದು ಹೇಳಿಬಿಡಿ. ಆಗದಿದ್ದರೆ ಸಮಯವನ್ನು ಡೇಟಾಬೇಸ್‌ನಿಂದಲೇ ಅಕ್ಷರರೂಪದಲ್ಲಿ ಪೂರ್ತಿ ತರಿಸಿಕೊಳ್ಳಿ. ಐಡಿಯನ್ನೂ ಅಕ್ಷರರೂಪದಲ್ಲೇ ಕಳಿಸಿ. 9007199254740991 ದಾಟಿದ ಪೂರ್ಣಾಂಕಗಳನ್ನು ಜಾವಾಸ್ಕ್ರಿಪ್ಟ್‌ನ ಸಾಮಾನ್ಯ ಸಂಖ್ಯೆ ನಿಖರವಾಗಿ ಹಿಡಿದಿಡುತ್ತದೆಂಬ ಭರವಸೆ ಇಲ್ಲ.

ರೆಡಿಮೇಡ್ ಬೇಕೆಂದರೆ, ವೆಬ್ ಆ್ಯಪ್ ಕಟ್ಟಲು ಬಳಸುವ ಜಾಂಗೋ ರೆಸ್ಟ್ ಫ್ರೇಮ್‌ವರ್ಕ್ ಮತ್ತು ಲಾರಾವೆಲ್ ಎರಡರಲ್ಲೂ ಕರ್ಸರ್ ಪೇಜಿನೇಷನ್ ಇದೆ, ಬಳಸಿ. ಲಾರಾವೆಲ್‌ನಲ್ಲೂ ಎರಡು ಸಲ ಬರದ ಕಾಲಂ ಅನ್ನು ಕ್ರಮದಲ್ಲಿ ನೀವೇ ಸೇರಿಸಬೇಕು. ಆದರೆ ಕೆಲವು ಪ್ಲಗಿನ್‌ಗಳು ಹೊರಗೆ ಕರ್ಸರ್ ಎಂದು ಹೆಸರಿಟ್ಟುಕೊಂಡು, ಒಳಗೆ ಆಫ್‌ಸೆಟ್ ಸಂಖ್ಯೆಯನ್ನೇ ಬೇಸ್64 ಮಾಡಿ ಕೊಡುತ್ತವೆ. ಹಾಕಿಕೊಳ್ಳುವ ಮೊದಲು ಒಂದು ಕರ್ಸರ್ ಬಿಚ್ಚಿ ನೋಡಿ. ಒಳಗೆ ಬರೀ '40' ಅಂತ ಇದ್ದರೆ ಅದನ್ನು ಬಿಟ್ಟುಬಿಡಿ.

ಹೆಜ್ಜೆ 6: ಹಿಂದಕ್ಕೆ ಹೋಗುವುದು

ಹೋಲಿಕೆ ತಿರುಗಿಸಿ, ಕ್ರಮವನ್ನೂ ತಿರುಗಿಸಿ, ಬಂದ ಸಾಲುಗಳನ್ನು ತೋರಿಸುವ ಮುಂಚೆ ಮತ್ತೆ ತಿರುಗಿಸಿ. 37ನೇ ಪುಟಕ್ಕೆ ನೇರ ಜಿಗಿಯಲು ಮಾತ್ರ ಕರ್ಸರ್‌ನಲ್ಲಿ ಆಗುವುದಿಲ್ಲ. ಅದು ಬೇಕೇ ಬೇಕೆನ್ನುವ, ಕೆಲವೇ ನೂರು ಸಾಲುಗಳ ಆಫೀಸ್ ಪಟ್ಟಿಗೆ ಆಫ್‌ಸೆಟ್ ಇರಲಿ. ಮೊಬೈಲ್ ಪಟ್ಟಿಗೆ ಬೇಡ.

ಹೆಜ್ಜೆ 7: ಗಂಜ್‌ಗೆ ಕೊಡುವ ಮೊದಲು

ಖಾಲಿ ಟೇಬಲ್‌ಗೆ ಒಂದೇ ಟ್ರಾನ್ಸಾಕ್ಷನ್‌ನಲ್ಲಿ 50 ಸಾಲು ಸೇರಿಸಿ. ಎಲ್ಲಕ್ಕೂ ಒಂದೇ ಸಮಯ ಬಂದಿದೆಯೇ ನೋಡಿಕೊಳ್ಳಿ. ಪುಟಕ್ಕೆ 7 ಇಟ್ಟು, ಆ್ಯಪ್ ಬಳಸುವ ಎಪಿಐ (ಆ್ಯಪ್ ಸರ್ವರ್‌ನಿಂದ ಡೇಟಾ ಕೇಳುವ ದಾರಿ) ಮೂಲಕವೇ ಕೊನೆಯವರೆಗೆ ಹೋಗಿ. ನಡುವೆ, ಮೂರನೇ ಪುಟ ಆದ ಮೇಲೆ, ಹೊಸ ಐದು ಸಾಲು ಸೇರಿಸಿ. ಬಂದ ಐಡಿಗಳನ್ನೆಲ್ಲ ಒಂದು ಕಡೆ ಬರೆದುಕೊಳ್ಳಿ. ಎಂಟನೇ ಪುಟದಲ್ಲಿ ಒಂದೇ ಸಾಲು ಇರಬೇಕು. ಹೊಸ ಐದು ಎಲ್ಲೂ ಕಾಣಬಾರದು. ಮೊದಲಿನ 50 ಐಡಿಗಳೂ ತಲಾ ಒಂದೇ ಸಲ ಬಂದಿರಬೇಕು. 49 ಬಂದರೂ ಕೊಡಬೇಡಿ, ಎರಡನೇ ಮತ್ತು ಐದನೇ ಹೆಜ್ಜೆಗೆ ವಾಪಸ್ ಹೋಗಿ.