ಎತ್ತರ ನೋಡಿ ಟಿಕೆಟ್ ತೆಗೆಸಿ: ಪ್ರೊವಾನ್ಸ್‌ನ ಲ್ಯಾವೆಂಡರ್ ಹೊಲಗಳಿಗೆ ಹೋಗುವುದು ಹೇಗೆ?

ಆಗಸ್ಟ್‌ನಲ್ಲಿ ರಜೆ ಸಿಕ್ಕಿತೆಂದು ದಕ್ಷಿಣ ಫ್ರಾನ್ಸಿನ ಪ್ರೊವಾನ್ಸ್ ಪ್ರಾಂತ್ಯದ ವಲಾನ್ಸೋಲ್‌ಗೆ ಹೋದರೆ ಕಾಣುವುದು ಆಗಷ್ಟೇ ಕ್ಷೌರ ಮಾಡಿಸಿಕೊಂಡ ತಲೆಯಂಥ ಬೂದು-ಹಸಿರು ಗುಪ್ಪೆಗಳ ಸಾಲು. ಲ್ಯಾವೆಂಡರ್ ಎಂಬ ಈ ನೇರಳೆ ಹೂವು ಅಲ್ಲಿ ಎಣ್ಣೆಗೆಂದು ಬೆಳೆಯುವ ಬೆಳೆ. ಹದಕ್ಕೆ ಬಂತೆಂದರೆ ರೈತ ಪ್ರವಾಸಿಗರ ದಾರಿ ಕಾಯುವುದಿಲ್ಲ. ಬೆಳಗ್ಗೆ ನೇರಳೆಯಾಗಿದ್ದ ಹೊಲ ಯಂತ್ರ ಇಳಿದ ದಿನವೇ ಬೋಳಾಗುತ್ತದೆ.

ಹಂತ 1: ತಾರೀಖು

ಕ್ಯಾಲೆಂಡರಿಗಿಂತ ಮೊದಲು ಊರಿನ ಎತ್ತರ ನೋಡಿ. ತಗ್ಗಿನಲ್ಲಿ ಹೂವು ಬೇಗ, ಮೇಲೆ ಹೋದಷ್ಟೂ ತಡ.

ವಲಾನ್ಸೋಲ್ ಪ್ರಸ್ಥಭೂಮಿ ಇರುವುದು ಸುಮಾರು 500–600 ಮೀಟರ್ ಎತ್ತರದಲ್ಲಿ. ಅಲ್ಲಿ ಜೂನ್ ನಡುವಿಗೆ ಬಣ್ಣ ಏರಿ, ಜುಲೈ ನಡುವಿನಿಂದ ಕೊಯ್ಲು ಶುರು. ಜೂನ್ ಕೊನೆಯ ವಾರದಿಂದ ಜುಲೈ 10ರವರೆಗೆ ಹೋದರೆ ಹೆಚ್ಚುಕಮ್ಮಿ ಮೋಸವಿಲ್ಲ. ವಾಂತೂ ಬೆಟ್ಟದ ಮಗ್ಗುಲಲ್ಲಿರುವ ಸೋ ಊರು 750 ಮೀಟರಿಗೂ ಮೇಲಿದೆ (ಫಲಕದಲ್ಲಿ Sault ಎಂದಿರುತ್ತದೆ, ಬಾಯಲ್ಲಿ ಬರೀ ‘ಸೋ’). ಅಲ್ಲಿ ಜುಲೈ ಪೂರ್ತಿ ನೋಡಬಹುದು, ಆಗಸ್ಟ್ ಮೊದಲ ದಿನಗಳಲ್ಲೂ ಅಲ್ಲಲ್ಲಿ ಹೂವು ಉಳಿದಿರುತ್ತದೆ. ಆಗಸ್ಟ್ 15ರ ಸೋ ಲ್ಯಾವೆಂಡರ್ ಹಬ್ಬವನ್ನು ನಂಬಿ ಹೊಲ ನೋಡಲು ಹೋಗಬೇಡಿ. ಕುಡುಗೋಲಿನಲ್ಲಿ ಕೊಯ್ಯುವ ಸ್ಪರ್ಧೆ ನೋಡಲು ಚೆನ್ನ, ಆದರೆ ಸುತ್ತಲ ಹೊಲಗಳಲ್ಲಿ ಕೊಯ್ಲು ಆ ಹೊತ್ತಿಗೆ ಬಹುಪಾಲು ಮುಗಿದಿರುತ್ತದೆ.

ಬಿಸಿ ಜಾಸ್ತಿಯಾದ ವರ್ಷ ಎಲ್ಲವೂ ಒಂದು ವಾರ ಮೊದಲೇ ಆಗಿಬಿಡಬಹುದು. ಆದ್ದರಿಂದ ಎರಡು ಊರುಗಳನ್ನೂ ಜುಲೈ ಮೊದಲ ವಾರಕ್ಕೇ ಜೋಡಿಸಿಕೊಳ್ಳಿ. ಒಂದು ಕೈಕೊಟ್ಟರೆ ಇನ್ನೊಂದಿದೆ.

ಹಂತ 2: ಕಾಗದಪತ್ರ, ಪಯಣ

ಫ್ರಾನ್ಸಿಗೆ ಬೇಕಾದ ಷೆಂಗೆನ್ ವೀಸಾ ಅರ್ಜಿಯನ್ನು ಹೊರಡುವ 6 ತಿಂಗಳ ಮೊದಲಿನಿಂದ ಹಾಕಬಹುದು. ಬೇಸಿಗೆಯ ನೂಕುನುಗ್ಗಲಿನಲ್ಲಿ ಬೆಂಗಳೂರಿನ ಕೇಂದ್ರದಲ್ಲಿ ದಿನ ಸಿಗುವುದೇ ಕಷ್ಟ. ಮಾರ್ಚ್‌ನಲ್ಲೇ ಕೂತು ಮುಗಿಸಿ. 30,000 ಯೂರೋ ವೈದ್ಯಕೀಯ ವಿಮೆ ಕಡ್ಡಾಯ.

ಪ್ಯಾರಿಸ್‌ನಿಂದ ಎಕ್ಸ್-ಆನ್-ಪ್ರೊವಾನ್ಸ್‌ಗೆ ವೇಗದ ರೈಲಿನಲ್ಲಿ ಸುಮಾರು 3 ಗಂಟೆ. ನಿಲ್ದಾಣ ಊರಿನ ಹೊರಗಿದೆ, ಬಾಡಿಗೆ ಕಾರು ಅಲ್ಲೇ ಸಿಗುತ್ತದೆ. ಅಲ್ಲಿಂದ ಎ51 ಹೆದ್ದಾರಿ ಹಿಡಿದು ಮನೋಸ್ಕ್, ಮನೋಸ್ಕ್‌ನಿಂದ ಡಿ6 ರಸ್ತೆಯಲ್ಲಿ 20 ಕಿ.ಮೀ. ಆಸುಪಾಸಿಗೆ ವಲಾನ್ಸೋಲ್. ಡಿ6ರಲ್ಲೇ ರಿಯೆಜ್ ಕಡೆಗೆ ಮುಂದುವರಿದರೆ ಎರಡೂ ಬದಿ ಹೊಲ.

ಕಾರಿನ ವಿಷಯದಲ್ಲಿ ಮೂರು ಎಡವಟ್ಟು ಮಾಮೂಲು. ಗೇರಿಲ್ಲದ ಕಾರು ಬೇಕೆಂದರೆ ಮೊದಲೇ ಹೇಳಿ ಕಾದಿರಿಸಬೇಕು, ಅಲ್ಲಿ ಸಾಮಾನ್ಯವಾಗಿ ಕೈಗೇರಿನದೇ ಸಿಗುವುದು, ಅದೂ ಎಡಗಡೆ ಸ್ಟೀರಿಂಗ್. ಅಂತರರಾಷ್ಟ್ರೀಯ ಚಾಲನಾ ಪರವಾನಗಿಯನ್ನು ನಮ್ಮ ಆರ್‌ಟಿಒದಿಂದ ಇಲ್ಲೇ ಮಾಡಿಸಿಕೊಳ್ಳಬೇಕು. ಮತ್ತು ಫೋಟೋ ತೆಗೆಯಲು ಇಳಿದಾಗ ಸೀಟಿನ ಮೇಲೆ ಬ್ಯಾಗ್ ಬಿಡಬಾರದು, ಗಾಜು ಒಡೆದು ಎತ್ತಿಕೊಂಡು ಹೋಗುವವರಿದ್ದಾರೆ. ಕಾರು ಬೇಡವೆಂದರೆ ಎಕ್ಸ್ ಅಥವಾ ಆವಿನ್ಯೋನ್‌ನಿಂದ ಒಂದು ದಿನದ ವ್ಯಾನ್ ಪ್ರವಾಸಗಳುಂಟು. ಹಳ್ಳಿ ಬಸ್ಸುಗಳನ್ನು ನಂಬಿ ಹೊರಡುವುದು ಬೇಡ.

ಹಂತ 3: ಹೊಲದಲ್ಲಿ

ಜುಲೈನಲ್ಲಿ ಸೂರ್ಯ ಮುಳುಗುವುದು ರಾತ್ರಿ 9 ದಾಟಿದ ಮೇಲೆ. ಬೆಳಗ್ಗೆ 6ರಿಂದ 8, ಸಂಜೆ 7:30ರ ನಂತರ – ಇವೆರಡೇ ಹೊತ್ತು. ನಡು ಮಧ್ಯಾಹ್ನ 35 ಡಿಗ್ರಿ ದಾಟುವುದುಂಟು, ನೆರಳಿಗೆ ಮರ ಸಿಗದು, ಫೋಟೋದಲ್ಲಿ ನೇರಳೆ ಬಣ್ಣ ತೊಳೆದುಹೋದಂತೆ ಬೂದಾಗುತ್ತದೆ. ಸಂಜೆ ಸಾಲಿನ ಮಧ್ಯೆ ಕುಕ್ಕರುಗಾಲಲ್ಲಿ ಕೂತು, ಕ್ಯಾಮೆರಾವನ್ನು ಹೂವಿನ ಮಟ್ಟಕ್ಕೆ ಇಳಿಸಿ. ನಡುವಿನ ಮಣ್ಣು ಮರೆಯಾಗಿ ಹೂವಿಗೆ ಹೂವು ಅಂಟಿಕೊಂಡಂತೆ ಕಾಣುತ್ತದೆ.

ನೆಲವೆಲ್ಲ ಉರುಟುಕಲ್ಲು, ಚಪ್ಪಲಿ ಸಾಲದು. ಜೇನುನೊಣಗಳು ಸಾವಿರಗಟ್ಟಲೆ ಇರುತ್ತವೆ. ಅವು ಹೂವಿನ ಕೆಲಸದಲ್ಲಿರುತ್ತವೆ, ಕೈ ಬೀಸದೆ ಸಾಲಿನ ಮಧ್ಯೆ ನಡೆದರೆ ತಂಟೆಯಿಲ್ಲ. ಗಿಡದ ಮೇಲೆ ಒರಗುವುದು, ಹೂ ಕೀಳುವುದು ಕೂಡದು, ಅದು ಇನ್ನೊಬ್ಬರ ಅನ್ನ. ಗೋರ್ಡ್ ಎಂಬ ಊರಿನ ಪಕ್ಕದ ಸೆನಾಂಕ್ ಮಠದ ಹೊಲಕ್ಕಂತೂ ಕಾಲಿಡುವಂತಿಲ್ಲ, ಬೇಲಿಯಾಚೆಯಿಂದಲೇ ನೋಟ. 1148ರಲ್ಲಿ ಸ್ಥಾಪನೆಯಾದ ಆ ಮಠದಲ್ಲಿ ಈಗಲೂ ಸನ್ಯಾಸಿಗಳಿದ್ದಾರೆ, ಮೌನವಾಗಿರಬೇಕು.

ಹಂತ 4: ಯಾವ ಲ್ಯಾವೆಂಡರ್?

ಒಂದು ಕಡ್ಡಿಯನ್ನು ಬಾಗಿಸಿ ನೋಡಿ. ಕಡ್ಡಿಯ ತುದಿಗೆ ಒಂದೇ ಚಿಕ್ಕ ತೆನೆ ಇದ್ದರೆ ಅಸಲಿ ಲ್ಯಾವೆಂಡರ್. ಮುಖ್ಯ ತೆನೆಯ ಕೆಳಗೆ ಎಡಬಲಕ್ಕೆ ಇನ್ನೆರಡು ಮರಿತೆನೆ ಹೊರಟಿದ್ದರೆ ಅದು ಲ್ಯಾವೆಂಡಿನ್ ಎಂಬ ಮಿಶ್ರತಳಿ. ಅದಕ್ಕೆ ಬೀಜ ಕಟ್ಟುವುದಿಲ್ಲ, ಕಡ್ಡಿ ನೆಟ್ಟೇ ಬೆಳೆಸಬೇಕು. ಹಾಗಾಗಿ ಹೊಲದ ಗಿಡಗಳೆಲ್ಲ ಒಂದೇ ಅಚ್ಚು, ದುಂಡು ಗುಡ್ಡೆಗಳು. ವಲಾನ್ಸೋಲ್‌ನ ಪೋಸ್ಟ್‌ಕಾರ್ಡ್ ಸಾಲುಗಳೆಲ್ಲ ಬಹುಪಾಲು ಇದೇ. ಬೀಜದಿಂದ ಬಂದ ಅಸಲಿ ಗಿಡಗಳ ಹೊಲದಲ್ಲಿ ಒಂದು ಕಡುನೇರಳೆ, ಒಂದು ತಿಳಿನೀಲಿ, ಹೀಗೆ ಬೆರಕೆ ಬಣ್ಣ. ನೋಟಕ್ಕೆ ಮಿಶ್ರತಳಿಯೇ ಜೋರು, ಪರಿಮಳಕ್ಕೆ ಅಸಲಿಯದೇ ಮೇಲುಗೈ.

ಹಂತ 5: ಕೊಳ್ಳುವಾಗ

ಒಂದು ಕಿಲೋ ಅಸಲಿ ಎಣ್ಣೆಗೆ ನೂರು ಕಿಲೋಗೂ ಹೆಚ್ಚು ಹೂವು ಬೇಕು. ಲ್ಯಾವೆಂಡಿನ್‌ಗೆ ಅದರ ಅರ್ಧವೂ ಬೇಡ. ಬೆಲೆಯ ವ್ಯತ್ಯಾಸ ಅಲ್ಲಿಂದಲೇ. ಸೀಸೆಯ ಮೇಲೆ ಸಸ್ಯದ ಲ್ಯಾಟಿನ್ ಹೆಸರು ಹುಡುಕಿ: ‘ಲ್ಯಾವೆಂಡ್ಯುಲಾ ಅಂಗುಸ್ಟಿಫೋಲಿಯಾ’ ಎಂದಿದ್ದರೆ ಅಸಲಿ, ‘ಇಂಟರ್‌ಮೀಡಿಯಾ’ ಅಥವಾ ‘ಹೈಬ್ರಿಡಾ’ ಎಂದಿದ್ದರೆ ಲ್ಯಾವೆಂಡಿನ್. ಮೂಸಿದಾಗ ಕರ್ಪೂರದ ಘಾಟು ಮೂಗಿಗೆ ಹೊಡೆದರೂ ಅದೇ. ಬೀರುವಿನಲ್ಲಿ ಬಟ್ಟೆಯ ನಡುವೆ ಇಡುವ ಹೂವಿನ ಚೀಲಕ್ಕೆ ಮಾತ್ರ ಲ್ಯಾವೆಂಡಿನ್ನೇ ವಾಸಿ, ವಾಸನೆ ಗಟ್ಟಿ. ಜೇನುತುಪ್ಪ ಕೊಂಡರೆ ಕೈಚೀಲಕ್ಕೆ ಹಾಕಬೇಡಿ. ವಿಮಾನದಲ್ಲಿ ಅದೂ ದ್ರವದ ಲೆಕ್ಕಕ್ಕೇ ಬರುತ್ತದೆ, 100 ಮಿ.ಲೀ. ಮೀರಿದ ಬಾಟಲಿಯನ್ನು ತಪಾಸಣೆಯಲ್ಲೇ ಬಿಟ್ಟುಬರಬೇಕಾಗುತ್ತದೆ.