ಮಳೆಗಲ್ಲ, ಗುಡುಗಿಗೆ ಸೀಟಿ

ನಮ್ಮದು ಸಿದ್ದಾಪುರದ ಕಡೆ ಹನ್ನೆರಡು ಎಕರೆ ರೋಬಸ್ಟಾ ಕಾಫಿ ತೋಟ. ಕೊಡಗಿನ ಮಳೆ ಎಂದರೆ ಎಲ್ಲರಿಗೂ ನೆನಪಾಗುವುದು ಜೂನ್, ಜುಲೈ. ಆ ಮಳೆಯಲ್ಲಿ ಗುಡುಗು ಕಡಿಮೆ. ಸಿಡಿಲಿನ ಭಯ ಇರುವುದು ಏಪ್ರಿಲ್, ಮೇಯಲ್ಲಿ, ಆಮೇಲೆ ಅಕ್ಟೋಬರಿನಲ್ಲಿ. ಬೆಳಿಗ್ಗೆಯೆಲ್ಲ ಸುಡುವ ಬಿಸಿಲು, ಮಧ್ಯಾಹ್ನ ಮೋಡ. ಏಪ್ರಿಲ್ ಬಂತೆಂದರೆ ನೆರಳಿನ ಮರಗಳಿಗೆ ಹಬ್ಬಿಸಿದ ಕಾಳುಮೆಣಸಿನ ಕುಯ್ಲು ಇನ್ನೂ ಮುಗಿದಿರುವುದಿಲ್ಲ. ಆಳುಗಳು ಅಲ್ಯೂಮಿನಿಯಂ ಏಣಿ ಹತ್ತಿ ಇಪ್ಪತ್ತಡಿ ಮೇಲಿರುತ್ತಾರೆ.

ಕೆಲವು ವರ್ಷಗಳ ಹಿಂದೆ ಕೆರೆ ಪಕ್ಕದ ಸಿಲ್ವರ್ ಓಕ್‌ಗೆ ಸಿಡಿಲು ಹೊಡೆಯಿತು. ಒಂದು ಹನಿಯೂ ಬಿದ್ದಿರಲಿಲ್ಲ. ಏಣಿ ಆ ಮರಕ್ಕೇ ಒರಗಿತ್ತು. ಎಲ್ಲರೂ ಊಟಕ್ಕೆ ಹೋಗಿದ್ದರು, ಬಚಾವಾದೆವು. ಹೋಗಿ ನೋಡಿದರೆ ತುದಿಯಿಂದ ಬುಡದವರೆಗೆ ಅಂಗೈ ಅಗಲಕ್ಕೆ ತೊಗಟೆ ಸುಲಿದುಹೋಗಿದೆ, ಚೂರುಗಳು ಎರಡು ಸಾಲು ಆಚೆಯ ಕಾಫಿ ಗಿಡಗಳ ಮೇಲೆ ಬಿದ್ದಿವೆ. ಮರದೊಳಗಿನ ನೀರು ಒಂದೇ ಏಟಿಗೆ ಆವಿಯಾಗಿ ಸಿಡಿಯುವುದರಿಂದ ಹೀಗಾಗುತ್ತದಂತೆ. ಬಳ್ಳಿ ಎರಡು ವಾರದಲ್ಲಿ ಕಪ್ಪಾಯಿತು. ಬುಡದ ಸುತ್ತ ಇದ್ದ ಏಳೆಂಟು ಕಾಫಿ ಗಿಡಗಳೂ ಒಣಗಿದವು. ಮರಕ್ಕೆ ತಾಗದ ಗಿಡ ಯಾಕೆ ಒಣಗಬೇಕು? ಕರೆಂಟು ನೆಲದಲ್ಲೂ ಹರಿಯುತ್ತದೆ. ಮರಕ್ಕೆ ಒರಗದೆ ಸ್ವಲ್ಪ ದೂರ ನಿಂತರೆ ಸಾಕು ಅಂದುಕೊಂಡಿದ್ದೆ. ಅವತ್ತಿಗೆ ಅದು ಬಿಟ್ಟುಹೋಯಿತು.

ಮಿಂಚು ಕಂಡ ಮೇಲೆ ಗುಡುಗು ಕೇಳುವವರೆಗೆ ಎಣಿಸುವ ಲೆಕ್ಕ ಕಲಿತೆ: ಮೂರು ಸೆಕೆಂಡಿಗೆ ಸುಮಾರು ಒಂದು ಕಿಲೋಮೀಟರ್, ಮೂವತ್ತರೊಳಗೆ ಕೇಳಿದರೆ ಒಳಗೆ ಓಡು. ಆದರೆ ತೋಟದ ನೆರಳಲ್ಲಿ ಹಗಲು ಮಿಂಚು ಕಾಣಬೇಕಲ್ಲ! ಸಿಡಿಲಿನ ಮುನ್ನೆಚ್ಚರಿಕೆ ಕೊಡುವ, ಪುಣೆಯ ಹವಾಮಾನ ಸಂಸ್ಥೆಯವರ ‘ದಾಮಿನಿ’ ಆಪ್ ಹಾಕಿಕೊಂಡಿದ್ದೇನೆ, ಒಳ್ಳೆಯದೇ; ಆದರೆ ನಮ್ಮಲ್ಲಿ ಮೋಡ ಕಟ್ಟಿದರೆ ಮೊದಲು ಹೋಗುವುದು ಕರೆಂಟು, ಹಿಂದೆಯೇ ನೆಟ್‌ವರ್ಕ್. ಹಾಗಾಗಿ ಒಂದೇ ನಿಯಮ: ಮೊದಲ ಗುಡುಗು ಕಿವಿಗೆ ಬಿದ್ದರೆ ನಾನು ಸೀಟಿ ಊದುತ್ತೇನೆ, ಎಲ್ಲರೂ ಇಳಿಯಬೇಕು, ಏಣಿ ಅಲ್ಲೇ ಬಿಡಬೇಕು. ಕೊನೆಯ ಗುಡುಗಿನಿಂದ ಅರ್ಧ ಗಂಟೆ ಕಳೆಯದೆ ಯಾರೂ ವಾಪಸ್ ಹೋಗುವಂತಿಲ್ಲ.

ಹೋಗುವುದೆಲ್ಲಿಗೆ? ಮೊದಲು ಕಣದ ಪಕ್ಕದ ತಗಡಿನ ಚಪ್ಪರಕ್ಕೆ ಓಡುತ್ತಿದ್ದರು. ಮೂರು ಕಡೆ ಗೋಡೆಯಿಲ್ಲ, ತಲೆ ಮೇಲೆ ಹಲಸಿನ ಮರ. ಅದನ್ನು ಕೀಳಿಸಿದೆ. ಈಗ ಆರ್‌ಸಿಸಿ ಗೋಡೌನಿನ ಮಧ್ಯದಲ್ಲಿ ಚೀಲದ ಮೇಲೆ ಕೂರುತ್ತಾರೆ, ಗೋಡೆಗೆ ಒರಗದೆ, ನಲ್ಲಿ ಮುಟ್ಟದೆ. ದೂರದಲ್ಲಿದ್ದರೆ ಗಾಜು ಏರಿಸಿದ ಪಿಕಪ್ ಕ್ಯಾಬಿನ್. ರೆಕ್ಸಿನ್ ಹೊದಿಕೆಯ ಹಳೆ ಜೀಪು ಲೆಕ್ಕಕ್ಕಿಲ್ಲ. ಪಂಪಿನ ಫ್ಯೂಸ್ ತೆಗೆಯುವುದು ಮೋಡ ಕಟ್ಟುವಾಗಲೇ. ಗುಡುಗು ಶುರುವಾದ ಮೇಲೆ ಮೋಟಾರು ಸುಟ್ಟರೂ ಸುಡಲಿ, ಕೆರೆ ಕಡೆ ಯಾರನ್ನೂ ಕಳಿಸುವುದಿಲ್ಲ. ನಮ್ಮಮ್ಮ ಅಡುಗೆಮನೆಯಲ್ಲಿ ‘ಅರ್ಜುನ, ಫಲ್ಗುಣ, ಪಾರ್ಥ’ ಎನ್ನುತ್ತಾ ಕೂರುತ್ತಾರೆ. ಒಳಗೆ ಕೂತು ಹೇಳುವುದರಿಂದ ನನ್ನ ತಕರಾರಿಲ್ಲ.

ಕಷ್ಟವಾಗಿದ್ದು ಬೇರೆ. ಸೀಟಿ ಊದಿದರೂ ಮೊದಲ ವರ್ಷ ಯಾರೂ ಇಳಿಯುತ್ತಿರಲಿಲ್ಲ. “ಸಾರ್, ಮಳೇನೇ ಬಂದಿಲ್ಲ, ಈ ಬಳ್ಳಿ ಮುಗಿಸಿ ಬರ್ತೀವಿ” ಅನ್ನುತ್ತಿದ್ದರು. ಕುಯ್ದ ಕಿಲೋ ಲೆಕ್ಕದಲ್ಲಿ ಕೂಲಿ. ಇಳಿದರೆ ಅವರಿಗೇ ನಷ್ಟ, ಯಾಕೆ ಇಳಿಯುತ್ತಾರೆ? ಸೀಟಿ ಊದಿದ ದಿನ ಪೂರ್ತಿ ದಿನಗೂಲಿ, ಕುಯ್ದದ್ದಕ್ಕೆ ಹೆಚ್ಚಾದರೆ ಅದೂ ಸೇರಿ ಎಂದೆ. ಮಾರನೇ ದಿನದಿಂದ ನನಗಿಂತ ಮೊದಲು ಅವರಿಗೇ ಗುಡುಗು ಕೇಳಿಸತೊಡಗಿತು.

ಕಳೆದ ಏಪ್ರಿಲ್‌ನಲ್ಲಿ ಒಂದು ದಿನ ಹನ್ನೊಂದೂವರೆಗೇ ಸೀಟಿ ಊದಿದೆ. ಎರಡು ಸಲ ಗುಡುಗಿ, ಮೋಡ ಪಾಲಿಬೆಟ್ಟದ ಕಡೆ ಜಾರಿತು. ಹನಿಯಿಲ್ಲ. “ಇವತ್ತು ಪುಗಸಟ್ಟೆ ಸಂಬಳ ಸಾರ್” ಎಂದು ಮೇಸ್ತ್ರಿ ನಕ್ಕ. ಕೊಟ್ಟೆ.