12 ನಿಮಿಷದ ರಜಕ

ಯಕ್ಷಗಾನದ ಕಂಸವಧೆ ಪ್ರಸಂಗದಲ್ಲಿ ಕಂಸನ ಅಗಸ ರಜಕನ ಹಾಸ್ಯಪಾತ್ರಕ್ಕೆ ಹಿಂದೆ ನನಗೆ ಮುಕ್ಕಾಲು ಗಂಟೆ ಸಿಗುತ್ತಿತ್ತು. ರಾತ್ರಿಯಿಡೀ ನಡೆಯುತ್ತಿದ್ದ ಆಟಕ್ಕೆ ಕಾಲಮಿತಿ ಬಂದ ಮೇಲೆ, ಪದ ಹಾಡಿ ಆಟ ನಡೆಸುವ ಭಾಗವತರು ವೇಷ ಕಟ್ಟುವ ಚೌಕಿಯಲ್ಲೇ ಹೇಳಿಬಿಟ್ಟರು: "ಹಾಸ್ಯಗಾರರೇ, ನಿಮಗೆ ಹನ್ನೆರಡು ನಿಮಿಷ. ಹದಿಮೂರಕ್ಕೆ ನಾನು ಪದ ಎತ್ತುತ್ತೇನೆ." ನಡುರಾತ್ರಿಯೊಳಗೆ ಮಂಗಳ ಹಾಡಬೇಕು, ಅವರನ್ನು ದೂರಿ ಫಲವಿಲ್ಲ. ದ್ವಂದ್ವಾರ್ಥದ ಒಂದು ಮಾತೂ ಇಲ್ಲದೆ, ಸಿನಿಮಾ ಹಾಡಿನ ಅಣಕವೂ ಇಲ್ಲದೆ ಆ 12 ನಿಮಿಷದಲ್ಲಿ ಜನರನ್ನು ನಗಿಸುತ್ತೇನೆ ಎಂದಾಗ ಮೇಳದಲ್ಲಿ ನಂಬಿದವರಿಲ್ಲ. ಈಗ ಎರಡು ತಿರುಗಾಟದಿಂದ, ಅಂದರೆ ಮೇಳದ ತಂಡ ಊರೂರು ಸುತ್ತುವ ಎರಡು ಋತುವಿನಿಂದ, ಅದೇ ನಡೆಯುತ್ತಿದೆ. ಕಿರಿಯ ಹಾಸ್ಯಗಾರರು ಕೇಳುತ್ತಿರುವುದರಿಂದ ಬರೆಯುತ್ತಿದ್ದೇನೆ.

ಹೊಸಬರು ಮೊದಲು ಕಟ್ಟುವ ಕೋಡಂಗಿ ವೇಷವನ್ನು ನಾನು ಕಟ್ಟಿದಾಗ ರಾತ್ರಿಗೆ 4 ರೂಪಾಯಿಯೋ 5 ರೂಪಾಯಿಯೋ ಸಂಬಳ. ಹಿರಿಯ ಹಾಸ್ಯಗಾರ ಪೆರುವಡಿ ನಾರಾಯಣ ಭಟ್ಟರ ಪಾಪಣ್ಣನ ಪಾತ್ರವನ್ನು ನೋಡಿದವರು, ಮಿಜಾರು ಅಣ್ಣಪ್ಪ ಅವರ ತುಳು ಹಾಸ್ಯಕ್ಕೆ ಡೇರೆ ತುಂಬುತ್ತಿದ್ದುದನ್ನು ಕಂಡವರು ಯಾರೂ ಹಾಸ್ಯವನ್ನು ಹಗುರವಾಗಿ ಕಾಣಲಾರರು. ಆದರೂ ನಡುವೆ ಇಪ್ಪತ್ತು ವರ್ಷ ನಾನು ಸುಲಭದ ದಾರಿ ಹಿಡಿದೆ. ಎರಡರ್ಥದ ಮಾತಿಗೆ ಚಪ್ಪಾಳೆ ಬೀಳುತ್ತಿತ್ತು, ಮಳೆಗಾಲದ ಹೊರಗಿನ ಆಟಗಳಿಗೆ ಕರೆ ಬರುತ್ತಿತ್ತು, ಆ ದುಡ್ಡಿನಲ್ಲೇ ಮನೆಗೆ ಹೆಂಚು ಹೊದಿಸಿದೆ.

2020ರ ಮಾರ್ಚಿನಲ್ಲಿ ತಿರುಗಾಟ ನಿಂತಿತು. ತಿರುಗಾಟ ಮುಗಿಯುವ ದಿನವಾದ ಪತ್ತನಾಜೆಗೆ ಇನ್ನೂ ಎರಡು ತಿಂಗಳಿತ್ತು. ಆರು ತಿಂಗಳ ದುಡಿಮೆಯಲ್ಲಿ ವರ್ಷ ಸಾಗಿಸುವ ನಮಗೆ ಅದೆಂಥ ಪೆಟ್ಟು ಎಂದು ನಿಮಗೆ ಹೇಳಬೇಕಿಲ್ಲ. ಹೆಂಡತಿಯ ಎರಡು ಬಳೆ ಸೊಸೈಟಿಗೆ ಹೋದವು, ಸುಮಾರು 60 ಸಾವಿರ ಸಿಕ್ಕಿತು. ಮನೆಯಲ್ಲಿ ಕುಳಿತಿದ್ದ ನನಗೆ ಮಗಳು ಮೊಬೈಲಿನಲ್ಲಿ ನನ್ನದೇ ಆಟದ ವಿಡಿಯೋ ಹಾಕಿಕೊಟ್ಟಳು. ಒಂದು ಮಾತು ಬಂದಾಗ ಎದ್ದು ಅಡುಗೆಮನೆಗೆ ಹೋದಳು. ಏನೂ ಹೇಳಲಿಲ್ಲ. ಆ ಮಾತನ್ನು ನಾನು ಎಷ್ಟು ಊರುಗಳಲ್ಲಿ ಆಡಿದ್ದೆನೋ.

ಆಮೇಲೆ ಒಂದು ನೋಟ್‌ಪುಸ್ತಕ ಹಿಡಿದು ಕುಳಿತೆ. ಸುಮಾರು 40 ವಿಡಿಯೋ ನೋಡಿ, ಜನ ಎಲ್ಲೆಲ್ಲಿ ನಕ್ಕರು ಎಂದು ಗುರುತು ಹಾಕಿದೆ. ಹೆಚ್ಚುಕಡಿಮೆ ಅರ್ಧದಷ್ಟು ನಗು ನಾನು ಮಾತಾಡುವಾಗ ಬಂದದ್ದಲ್ಲ. ಮಾತು ನಿಲ್ಲಿಸಿ ಎದುರು ವೇಷವನ್ನು ನೋಡಿದಾಗ ಬಂದದ್ದು. ಮೂವತ್ತು ವರ್ಷ ವೇಷ ಮಾಡಿಯೂ ನನಗಿದು ಗೊತ್ತಿರಲಿಲ್ಲ.

ಎರಡನೆಯ ಪಾಠ ನೇತ್ರಾವತಿಯ ದಡದಲ್ಲಿ ಸಿಕ್ಕಿತು. ಬಟ್ಟೆ ಒಗೆಯುವ ಹಿರಿಯರೊಬ್ಬರ ಜೊತೆ ನಾಲ್ಕು ದಿನ ಕುಳಿತೆ. ಗಂಟನ್ನು ಬೆನ್ನಿನಿಂದ ಇಳಿಸುವ ರೀತಿ, ಸೀರೆಯನ್ನು ಎರಡು ಸುತ್ತು ತಿರುಚಿ ಕಲ್ಲಿಗೆ ಬೀಸುವ ರೀತಿ, ಬೀಸುವ ಮೊದಲು ಅಂಚನ್ನು ಬೆರಳಲ್ಲಿ ಸವರಿ ಹರಿದಿದೆಯೇ ಎಂದು ನೋಡುವ ರೀತಿ, ಎಲ್ಲವನ್ನೂ ಕಲಿತೆ. ಅವರು ಹೇಳಿದರು: "ಬಟ್ಟೆ ಕೈಗೆ ಬಂದರೆ ಮನೆಯ ಸುದ್ದಿ ಕೇಳಬೇಕಾಗಿಲ್ಲ ಅಣ್ಣ." ನನ್ನ ರಜಕ ಹುಟ್ಟಿದ್ದು ಆ ಮಾತಿನಿಂದ. ಕಂಸ ರಾತ್ರಿಯಿಡೀ ಬೆವರುತ್ತಾನೆ ಎಂಬುದು ಮಥುರೆಯಲ್ಲಿ ಯಾರಿಗೆ ಗೊತ್ತು? ಅವನ ಮೇಲುದ ಹಿಂಡುವ ಅಗಸನಿಗೆ. ಇದನ್ನು ಹೊರಗಿನಿಂದ ತರಬೇಕಾಗಿಲ್ಲ, ಪ್ರಸಂಗದೊಳಗೇ ಇದೆ.

ಮೊದಲ ಪ್ರಯತ್ನ ಒಂದು ಹರಕೆ ಆಟದಲ್ಲಿ. ಪೂರ್ತಿ ನೆಲಕಚ್ಚಿತು. ಕೃಷ್ಣ ಬರುವ ಮೊದಲೇ ಬೆವರಿನ ವಿಷಯ ಹೇಳಿ ಮುಗಿಸಿದ್ದೆ. ಎದುರು ವೇಷವಿಲ್ಲದ ಮಾತು ಯಾರಿಗೂ ತಾಗಲಿಲ್ಲ. ಗಂಟು ಆರೇಳು ಕಿಲೋ ಇತ್ತು, ಬಿಚ್ಚಲು ಹೋದರೆ ಬಿಗಿದುಕೊಂಡಿತು, ಎರಡು ನಿಮಿಷ ಅಲ್ಲೇ ಹೋಯಿತು. ಭಾಗವತರು ಹೇಳಿದಂತೆ ಪದ ಎತ್ತಿಯೇಬಿಟ್ಟರು. "ಹುಷಾರಿಲ್ಲವೇ ಮಾರಾಯರೇ?" ಎಂದು ಆಟ ಆಡಿಸಿದವರು ಚೌಕಿಗೆ ಬಂದು ಕೇಳಿದರು. ಇನ್ನೊಂದು ಕಡೆ ನಿಜವಾಗಿ ಒದ್ದೆಯಾದ ಬಟ್ಟೆ ತಂದೆ. ರಂಗಸ್ಥಳ ನೆನೆದು ಕೃಷ್ಣನ ವೇಷಧಾರಿಯ ಕಾಲು ಜಾರಿತು. ಅಂದೇ ಅದನ್ನು ಬಿಟ್ಟೆ. ಆ ಮಳೆಗಾಲ 15ರಷ್ಟಿದ್ದ ಹೊರಗಿನ ಕರೆಗಳು ಆರಕ್ಕೆ ಇಳಿದವು. 40 ಸಾವಿರಕ್ಕೆ ಕಡಿಮೆಯಿಲ್ಲದ ನಷ್ಟ. "ಬಳೆ ಇನ್ನೊಂದು ವರ್ಷ ಅಲ್ಲೇ ಇರಲಿ, ನೀವು ಹಿಡಿದದ್ದನ್ನು ಬಿಡಬೇಡಿ" ಎಂದಳು ಹೆಂಡತಿ.

ಇದರ ನಡುವೆ ಬೆಂಗಳೂರಿನಲ್ಲಿ ಒಬ್ಬನೇ ನಿಂತು ಅರ್ಧ ಗಂಟೆ ನಗಿಸುವ ಕಾರ್ಯಕ್ರಮವನ್ನೂ ಮಾಡಿ ನೋಡಿದೆ. ಸಂಭಾವನೆ ಚೆನ್ನಾಗಿತ್ತು, ನಗು ಬರಲಿಲ್ಲ. ನನಗೆ ಎದುರು ವೇಷ ಬೇಕು, ಬೆನ್ನಿಗೆ ಮದ್ದಳೆ ಬೇಕು.

ಮುಂದಿನ ತಿರುಗಾಟದಲ್ಲಿ ಕ್ರಮ ಬದಲಿಸಿದೆ. ಪ್ರವೇಶವಾದ ಮೇಲೆ ಒಂದು ನಿಮಿಷ ಮಾತೇ ಇಲ್ಲ. ಗಂಟು ಇಳಿಸುವುದು, ಬಿಚ್ಚುವುದು, ಒಂದೊಂದೇ ಬಟ್ಟೆ ಎತ್ತಿ ಮೂಸಿ ಪಕ್ಕಕ್ಕಿಡುವುದು. ಮೂರನೆಯದನ್ನು ಮೂಸಿ ಕೈ ಮುಗಿಯುತ್ತೇನೆ. ಅದು ಒಡೆಯನದು ಎಂದು ಜನಕ್ಕೆ ತಾನೇ ತಿಳಿಯುತ್ತದೆ. ಕೃಷ್ಣ ಬಟ್ಟೆ ಕೇಳಿದಾಗ, "ಇದನ್ನು ಉಟ್ಟರೆ ನಿನಗೂ ರಾತ್ರಿ ನಿದ್ದೆ ಬರುವುದಿಲ್ಲ ಮಗು" ಎಂದು ಅವನ ಮುಖ ನೋಡಿ ಸುಮ್ಮನಾಗುತ್ತೇನೆ. ನಗು ಅಲ್ಲಿ ಒಡೆಯುತ್ತದೆ. ಅಷ್ಟೂ ಹೊತ್ತು ಮದ್ದಳೆಯವರೊಂದಿಗೆ ನನಗೊಂದು ಒಪ್ಪಂದವಿದೆ. ಗಂಟು ಒಂದೇ ಎಳೆತಕ್ಕೆ ಬಿಚ್ಚುವಂತೆ ಹಾಕುವುದಕ್ಕೂ ಒಂದು ಉಪಾಯವಿದೆ. ಅವೆರಡನ್ನೂ ಇಲ್ಲಿ ಬರೆಯುವುದಿಲ್ಲ. ಚೌಕಿಗೆ ಬಂದು ಬಣ್ಣ ಹಾಕುವಾಗ ಪಕ್ಕದಲ್ಲಿ ಕುಳಿತವರಿಗೆ ತೋರಿಸುತ್ತೇನೆ.

ಕಳೆದ ಮಳೆಗಾಲ ಕರೆಗಳು 20 ದಾಟಿದವು, ಬಳೆ ಬಿಡಿಸಿಕೊಂಡೆವು. ಅಂದು ನಂಬದಿದ್ದ ಭಾಗವತರೇ ಈಗ ಕೆಲವು ರಾತ್ರಿ 15 ನಿಮಿಷ ಬಿಡುತ್ತಾರೆ.

ಮೊನ್ನೆ ಮಗಳು ಗಂಡನ ಮನೆಯಿಂದ ಆಟಕ್ಕೆ ಬಂದಿದ್ದಳು. ಮೊದಲ ಸಾಲಿನಲ್ಲಿ ಕುಳಿತು ಆ ನೋಟ್‌ಪುಸ್ತಕದಲ್ಲೇ ಗುರುತು ಹಾಕಿದ್ದಳು. 23 ನಗು. ಕೆಳಗೆ ಬರೆದಿದ್ದಳು: "ಅಪ್ಪಾ, ಕೊನೆಯದು ಬೇಡ. ಕೃಷ್ಣ ನಿಮ್ಮನ್ನು ಹೊಡೆದು ಕೊಲ್ಲುವಾಗಲೂ ಜನ ನಗುತ್ತಲೇ ಇದ್ದಾರೆ." ಮರುದಿನದಿಂದ ಅದನ್ನು ತೆಗೆದೆ.